ಜ್ಯೋತಿಲಕ್ಷ್ಮಿ ಹೇಳಿದ ಸಾಕ್ಷಿ

"ನಿನ್ ಮಗಳಿಗೆ ಈಗ್ಲೇ ಫೋನ್ ಮಾಡು! ಅಣ್ಣನ ಮೇಲಿನ ಕೇಸ್ ವಾಪಸ್ ತಗೋ ಅಂತ ಹೇಳು!"

ನರೇಂದ್ರ ತನ್ನ ಅತ್ತಿಗೆಯ ತಾಯಿ ಮುನಿಶಾಮಮ್ಮನ ತುರುಬು ಹಿಡಿದು ಗೋಡೆಗೆ ಅಪ್ಪಳಿಸಿದ. ಆಕೆಯ ಹಣೆ ಒಡೆದು ರಕ್ತ ಹುಬ್ಬಿನ ಮೇಲೆ ಇಳಿಯಿತು. ಅವನ ತಾಯಿ ಜ್ಯೋತಿಲಕ್ಷ್ಮಿ ಅಡುಗೆಮನೆಯ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು.

"ಅಕ್ಕಾ... ನೀವು ಕಣ್ಣಾರೆ ಕಂಡಿದೀರಿ. ನಿಜ ಹೇಳಿ ನನ್ ಮಗೂನ ಉಳಿಸ್ರಮ್ಮಾ..." ಮುನಿಶಾಮಮ್ಮ ಅವಳತ್ತ ಕೈಮುಗಿದಳು.

ಹೌದು, ಕಂಡಿದ್ದಳು! ಅಮೆರಿಕದಲ್ಲಿದ್ದ ಹಿರಿಯ ಮಗ ಅಂಬರೀಶನ ಮನೆಗೆ ಹೋಗಿದ್ದಾಗ, ಅವನು ಹೆಂಡತಿ ತನುಜಳನ್ನು ನೆಲಕ್ಕೆ ಕೆಡವಿ ಇಸ್ತ್ರಿಪೆಟ್ಟಿಗೆಯಿಂದ ಅವಳ ಮೊಣಕೈ ಜಜ್ಜಿದ್ದನ್ನು ಕಂಡಿದ್ದಳು. ತನುಜ ಪೊಲೀಸರಿಗೆ ಎಲ್ಲವನ್ನೂ ಹೇಳಿದಳು. ಅವನು ಜೈಲು ಸೇರಿದ. ಗಂಡನ ವೀಸಾದ ಆಸರೆ ತಪ್ಪಿದ ಅವಳು, ಅಪರಾಧಕ್ಕೆ ಬಲಿಯಾಗಿ ಪೊಲೀಸರಿಗೆ ನೆರವಾದವರಿಗೆ ಅಲ್ಲಿ ಕೊಡುವ ವೀಸಾಕ್ಕೆ ಅರ್ಜಿ ಹಾಕಿದಳು. ಆದರೆ ಜ್ಯೋತಿಲಕ್ಷ್ಮಿ ಮಗನ ಮೋಹಕ್ಕೆ ಬಿದ್ದು, ಸೊಸೆ ಬಚ್ಚಲಲ್ಲಿ ಜಾರಿ ಬಿದ್ದಳೆಂದು ಹೇಳಿಕೆ ಕೊಟ್ಟಿದ್ದಳು. ಅದನ್ನೇ ನಂಬಿದ ಅಧಿಕಾರಿಗಳು ಅರ್ಜಿಯನ್ನು ತಿರಸ್ಕರಿಸಿದರು. ತನುಜ ಸುಮ್ಮನಾಗಲಿಲ್ಲ, ಕೋರ್ಟಿಗೆ ಹೋದಳು. ಅವಳಿಗೆ ಉತ್ತರ ಕೊಡಲು ಅವಕಾಶವನ್ನೇ ಕೊಡದೆ ಆ ಹೇಳಿಕೆಯನ್ನು ನಂಬಿದ್ದು ತಪ್ಪೆಂದು ನ್ಯಾಯಾಧೀಶರು ಆ ಆದೇಶವನ್ನು ರದ್ದುಮಾಡಿ, ಮತ್ತೆ ವಿಚಾರಿಸಲು ಹೇಳಿದರು. ಸುದ್ದಿ ತಿಳಿದ ಮುನಿಶಾಮಮ್ಮ ದಿಬ್ಬೂರಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ, ಬೀಗಿತ್ತಿಯ ಕಾಲು ಹಿಡಿಯಲು ಬಂದಿದ್ದಳು.

"ವೀಸಾ ಸಿಗ್ದೆ ಇಲ್ಲಿಗೇ ಬರ್ಲಿ ಅವ್ಳು! ಕೊಚ್ಚಿ ಹಾಕ್ತೀನಿ!" ನರೇಂದ್ರ ಕುರ್ಚಿ ಎತ್ತಿದ.

ಮುನಿಶಾಮಮ್ಮ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು. ಅಂದು ತನುಜಳೂ ಹೀಗೆಯೇ ಮುದುರಿಕೊಂಡು, "ಅತ್ತೇ, ಬಿಡ್ಸೀ!" ಎಂದು ಚೀರಿದ್ದಳು... ಜ್ಯೋತಿಲಕ್ಷ್ಮಿ ಕೋಣೆಯ ಬಾಗಿಲು ಹಾಕಿಕೊಂಡಿದ್ದಳು.

ಇಂದು ಓಡಿ ಬಂದು ಅಡ್ಡ ನಿಂತಳು. ಕುರ್ಚಿ ಅವಳ ಭುಜದ ಮೇಲೆ ಬಿದ್ದು ಮೂಳೆ ಲಟಕ್ಕೆಂದಿತು.

"ಅಮ್ಮಾ! ನೀನ್ಯಾಕೆ ಅಡ್ಡ ಬಂದೆ?"

"ಹೊಡಿ ಕಣೋ, ಇನ್ನೂ ಹೊಡಿ! ಇಬ್ರನ್ನ ಹೆತ್ತೆ... ಇಬ್ರೂ ಇಂಥೋರೇ ಆದ್ರಲ್ಲೋ!"

"ನೀನು ಬಾಯಿ ಬಿಟ್ರೆ ಅಣ್ಣ ಇನ್ನು ನಿನ್ನ ಮುಖ ನೋಡಲ್ಲ."

"ನೋಡ್ದಿದ್ರೆ ಬೇಡ. ನಾನು ನೋಡಿದ್ದನ್ನ ನಾನು ಹೇಳ್ತೀನಿ!"

ಗದ್ದಲ ಕೇಳಿ ಅಕ್ಕಪಕ್ಕದವರು ಪೊಲೀಸರನ್ನು ಕರೆದರು. ಅವರು ಬಂದು ನರೇಂದ್ರನನ್ನು ಎಳೆದೊಯ್ದರು. ಆಸ್ಪತ್ರೆಯ ಮಂಚದ ಮೇಲೆಯೇ ಜ್ಯೋತಿಲಕ್ಷ್ಮಿ, ತಾನು ಹೇಳಿದ ಸುಳ್ಳನ್ನೂ ಸೇರಿಸಿ, ಮುನಿಶಾಮಮ್ಮ ಕರೆಸಿದ ವಕೀಲರ ಮುಂದೆ ಎಲ್ಲವನ್ನೂ ಹೇಳಿ ಹೆಬ್ಬೆಟ್ಟು ಒತ್ತಿದಳು.

ಆ ಹೇಳಿಕೆ ಅಮೆರಿಕದ ಅಧಿಕಾರಿಗಳ ಕೈ ಸೇರಿ, ಕೆಲವು ತಿಂಗಳಲ್ಲಿ ತನುಜಳಿಗೆ ವೀಸಾ ಮಂಜೂರಾಯಿತು. ಅಂಬರೀಶ ತಾಯಿಗೆ ಮತ್ತೆಂದೂ ಫೋನ್ ಮಾಡಲಿಲ್ಲ. ಫೋನ್ ಮಾಡಿದವಳು ತನುಜ. ನೋಡಲು ಬಂದಿದ್ದ ಮುನಿಶಾಮಮ್ಮನೇ ಫೋನನ್ನು ಬೀಗಿತ್ತಿಯ ಕಿವಿಗೆ ಹಿಡಿದಳು.

"ನನ್ನ ಕ್ಷಮಿಸ್ಬೇಡ ಕಣಮ್ಮಾ..." ಎಂದಳು ಜ್ಯೋತಿಲಕ್ಷ್ಮಿ.

ಕ್ಷಮಿಸಿದೆನೆಂದು ತನುಜ ಹೇಳಲಿಲ್ಲ.

"ಭುಜ... ಈಗ ಹೇಗಿದೆ ಅತ್ತೆ?" ಎಂದಳು.

ಜ್ಯೋತಿಲಕ್ಷ್ಮಿ ಬಿಕ್ಕಿ ಬಿಕ್ಕಿ ಅತ್ತಳು.