ಅವಳ ಅಳತೆಗೆ ಕೂರಿಸಿದ ಸೀಟು

ಶೆಡ್ಡಿನ ಬಾಗಿಲಲ್ಲಿ ಅವಳ ಕಾಲು ಹಾಗೇ ನಿಂತುಬಿಟ್ಟಿತು.

ಅವಳೇ ಗೆರೆ ಎಳೆದು ಹುಟ್ಟಿಸಿದ ಕಾರು. ಅದರೊಳಗೆ ಇನ್ಯಾರೋ ಕೂತಿದ್ದಾಳೆ. ಹಳದಿ ಶೂ, ಮಾರುದ್ದದ ಕಾಲು, ತೊಡೆಯ ಮೇಲೆ ಹೆಲ್ಮೆಟ್. ಆ ಕಾಲಿನ ಪಕ್ಕ ಮಂಡಿಯೂರಿ, ಟೇಪ್ ಹಿಡಿದು ಅಳತೆ ತೆಗೆಯುತ್ತಿರುವವನು... ಅವನು. ಇಡೀ ಗ್ಯಾರೇಜು 'ಕಿಡಿ' ಎಂದು ಕರೆಯುವ ವೆಲ್ಡರ್.

ಸಿನಿಮಾ ಆಗಿದ್ದರೆ ಈ ಹೊತ್ತಿಗೆ ಗುಡುಗು ಸಿಡಿಲು ಬರಬೇಕಿತ್ತು. ಇಲ್ಲಿ ಕಂಪ್ರೆಸರ್ 'ಪುಸ್' ಅಂದು ಸುಮ್ಮನಾಯಿತು.

"ಬಾ ಹದಿಮೂರು," ಅಂದ ಕಿಡಿ, ತಲೆ ಎತ್ತದೆ. "ಇವ್ರು ಹೋದ ವರ್ಷದ ಚಾಂಪಿಯನ್. ಭಾನುವಾರ ರೇಸಿಂಗ್ ಕ್ಲಬ್‌ನವರ ಮುಂದೆ ನಮ್ ಕಾರ್ ಓಡಿಸ್ತಾರೆ."

"ಹದಿಮೂರಾ? ಅದೇನ್ ಹೆಸರು?" ಚಾಂಪಿಯನ್ ನಕ್ಕಳು.

"ಚಕ್ರದ ನಟ್ ಬಿಟ್ರೆ ಈ ಕಾರಿನ ಎಲ್ಲಾ ಬೋಲ್ಟೂ ಹದಿಮೂರು ನಂಬರ್ ಸ್ಪ್ಯಾನರಲ್ಲೇ ಬಿಚ್ಚಬೇಕು ಅಂತ ಹಠ ಹಿಡಿದವಳು ಇವಳು. ಒಂದೇ ಸ್ಪ್ಯಾನರ್, ಇಡೀ ಕಾರು."

ರ‍್ಯಾಲಿಕ್ರಾಸ್ ಅಂದರೆ ಅರ್ಧ ಮಣ್ಣು, ಅರ್ಧ ಟಾರಿನ ಟ್ರ್ಯಾಕಿನಲ್ಲಿ ಕಾರುಗಳು ಒಂದಕ್ಕೊಂದು ಗುದ್ದಾಡಿಕೊಂಡು ಓಡುವ ಆಟ. ಮುರಿಯದೆ ವಾಪಸ್ ಬರುವ ಕಾರು ಕಡಿಮೆ. ಮುರಿದರೂ ಮುಂದಿನ ಸುತ್ತಿಗೆ ಎದ್ದು ನಿಲ್ಲುವ, ಸಾಮಾನ್ಯ ಜನರ ಕೈಗೆಟಕುವ ಕಾರು... ಅದು ಅವಳ ಕನಸು. ಹಳೇ ಟ್ಯಾಕ್ಸಿಯ ಇಂಜಿನ್, ಚಕ್ರವನ್ನು ಕಾರಿಗೆ ಹಿಡಿದಿಡುವ ಆರ್ಮ್ ನಾಲ್ಕಕ್ಕೂ ಒಂದೇ ನಮೂನೆ. ಅವಳು ಬರೆಯುವುದು, ಅವನು ಬೆಸೆಯುವುದು. ಮೂರು ವರ್ಷದಿಂದ ಹೀಗೇ.

'ಮೂರು ವರ್ಷದಲ್ಲಿ ನನ್ನ ಒಂದು ಬೆರಳಿನ ಅಳತೆಯನ್ನಾದರೂ ತೆಗೆದಿದ್ದಾನಾ ಇವನು...'

ಫೈಲ್ ಇಟ್ಟು ಹೊರಟವಳ ಬೆನ್ನಿಗೆ ಚಾಂಪಿಯನ್ ಮಾತು ಬಿತ್ತು. "ನಿಮ್ಮಂಥ ವೆಲ್ಡರ್ ನಮ್ ಟೀಮಿಗೆ ಬೇಕು. ಬಂದ್ಬಿಡಿ."

ಉತ್ತರ ಕೇಳುವ ಧೈರ್ಯ ಅವಳಿಗಿರಲಿಲ್ಲ. ಬಾಗಿಲು ದಡಾರ್ ಅಂದಿತು.

ಸಂಜೆ ಕೂತು ಸೀಟಿನ ಡ್ರಾಯಿಂಗ್ ತಿದ್ದಿದಳು. ಸೀಟು ಹಿಂದೆ ಮುಂದೆ ಜರುಗುವ ರೈಲನ್ನು ಅಳಿಸಿ ಹಾಕಿ, ತನ್ನದೇ ಗಿಡ್ಡ ಕಾಲಿನ ಅಳತೆಗೆ ಸೀಟು ಬರೆದು, ಕೆಳಗೆ 'ಇಲ್ಲೇ ವೆಲ್ಡ್ ಮಾಡುವುದು' ಎಂದು ಬರೆದಳು. ಕೂರು ನೋಡೋಣ ಈಗ, ಜಿರಾಫೆ.

"ರೈಲ್ ಎಲ್ಲೋಯ್ತು?" ಮರುದಿನ ಕಿಡಿ ಕೇಳಿದ.

"ಮಣ್ಣು ಹೋಗಿ ಸಿಕ್ಕಾಕೊಳತ್ತೆ. ಖರ್ಚು ಬೇರೆ. ಕಡಿಮೆ ಬೆಲೆ ಕಾರು ತಾನೆ ಇದು?"

"ಇಷ್ಟು ಮುಂದೆ ಯಾರ್ ಕೂರ್ತಾರೆ?"

"ಕೂರೋರು ಕೂರ್ತಾರೆ."

ಅವನು ಡ್ರಾಯಿಂಗ್ ನೋಡಿದ. ಅವಳನ್ನು ನೋಡಿದ. "ಸರಿ ತಾಯಿ," ಎಂದು ಮಾಸ್ಕ್ ಎಳೆದುಕೊಂಡ.

ಮಾಸ್ಕಿನೊಳಗೆ ಅವನು ನಕ್ಕಿದ್ದು ನಮಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ಅವಳು ಆಮೇಲೆ ಶೆಡ್ಡಿನ ಕಡೆ ಸುಳಿಯಲೇ ಇಲ್ಲ.

ಭಾನುವಾರ ಟ್ರ್ಯಾಕಿನಲ್ಲಿ ಚಾಂಪಿಯನ್ ಕಾರಿನೊಳಗೆ ಕೂತಳು. ಮಂಡಿ ಎರಡೂ ಸ್ಟಿಯರಿಂಗಿಗೆ ಸಿಕ್ಕಿಕೊಂಡವು.

"ಇದೇನು ಕಾರಾ, ತೊಟ್ಟಿಲಾ?"

ಗ್ಯಾರೇಜಿನ ಯಜಮಾನ, ಅಂದರೆ ಅವಳ ಸೋದರಮಾವ, ಬೆವರು ಒರೆಸಿಕೊಂಡ. "ಲೇ ಕಿಡಿ, ಏನೋ ಇದು? ಕ್ಲಬ್‌ನವ್ರು ನೋಡ್ತಾ ಇದ್ದಾರೆ. ಇವತ್ತು ಓಡದಿದ್ರೆ ಈ ಕಾರ್ ಕಥೆ ಮುಗೀತು."

"ಡ್ರಾಯಿಂಗಲ್ಲಿ ಹಂಗೇ ಇದೆ ಸರ್."

ಅವಳಿಗೆ ಭೂಮಿ ಬಾಯ್ಬಿಟ್ಟರೆ ಸಾಕಾಗಿತ್ತು. 'ಉರ್ಕೊಂಡು ಉರ್ಕೊಂಡು ನನ್ನ ಕನಸಿಗೇ ಬೆಂಕಿ ಇಟ್ಟೆನಲ್ಲ...'

ಕಿಡಿ ಹೆಲ್ಮೆಟ್ ತಂದು ಅವಳ ಕೈಗಿಟ್ಟ. "ಈ ಸೀಟಿಗೆ ಫಿಟ್ ಆಗೋರು ಒಬ್ರೇ ಇರೋದು. ಕಾರ್ ಹತ್ತು."

"ನಾನಾ? ಶೆಡ್ ಹಿಂದಿನ ಮೈದಾನ ಬಿಟ್ಟು ಬೇರೆಲ್ಲೂ ಓಡಿಸಿಲ್ಲ ಕಣೋ."

"ಇದೂ ಮೈದಾನಾನೇ. ಜನ ಸ್ವಲ್ಪ ಜಾಸ್ತಿ."

ಓಡಿಸಿದಳು. ಮಣ್ಣಿನ ತಿರುವಿನಲ್ಲಿ ಹಿಂಭಾಗ ಜಾರಿದಾಗ ತಾನು ಬರೆದ ಗೆರೆಗಳೆಲ್ಲ ಬೆನ್ನಿಗೆ ತಾಗಿ ಮಾತಾಡಿದ ಹಾಗಾಯಿತು. ಖುಷಿಯಲ್ಲಿ ಕೂಗಿದಳು. ಕೂಗುವಾಗ ಬ್ರೇಕ್ ಮರೆತಳು. ಟ್ರ್ಯಾಕಿನಂಚಿಗೆ ಪೇರಿಸಿಟ್ಟ ಟೈರುಗಳ ಗೋಡೆಗೆ ಧಡ್...

ಮುಂದಿನ ಆರ್ಮ್ ಬಾಗಿತ್ತು. ಮುಂದಿನ ಸುತ್ತಿಗೆ ಮೊದಲು ರಿಪೇರಿ ಆಗಬೇಕು. ಕಿಡಿ ಸ್ಪೇರ್ ಆರ್ಮ್ ಹೊತ್ತು ಓಡಿ ಬಂದು ಜ್ಯಾಕ್ ಏರಿಸಿ ಸ್ಟ್ಯಾಂಡ್ ಕೊಟ್ಟ. ಅವಳು ಸ್ಪ್ಯಾನರ್ ಹಿಡಿದು ಕೆಳಗೆ ತೂರಿದಳು.

ಕಾರಿನ ಕೆಳಗೆ ಇಬ್ಬರೇ. ಭುಜಕ್ಕೆ ಭುಜ.

"ಹೋಗ್ತೀಯಾ ಅವಳ ಟೀಮಿಗೆ?"

"ಮೊದ್ಲು ಆ ನಟ್ ಹಿಡ್ಕೋ."

"ಹೇಳು."

"ಅವತ್ತೇ ಆಗಲ್ಲ ಅಂದೆ. ನೀನು ಬಾಗಿಲು ಮುರಿಯೋ ಹಂಗೆ ಹಾಕ್ಕೊಂಡು ಹೋದ್ಯಲ್ಲ, ಅದಾದ್ಮೇಲೆ."

"ಏನಂತ ಅಂದೆ?"

"ಬೇರೆಯವರ ಡ್ರಾಯಿಂಗ್ ನಂಗೆ ಓದೋಕೆ ಬರಲ್ಲ ಅಂತ."

ಅವಳ ಕೈಯಲ್ಲಿದ್ದ ಸ್ಪ್ಯಾನರ್ ನಿಂತಿತು. ಕಣ್ಣಿಗೆ ಮಣ್ಣು ಬಿತ್ತು ಅಂದುಕೊಳ್ಳೋಣ, ಅವಳ ಮರ್ಯಾದೆಗೆ.

"ರೈಲ್ ತೆಗೆದಿದ್ದು ಖರ್ಚಿಗಲ್ಲ. ಹೊಟ್ಟೆಕಿಚ್ಚಿಗೆ."

"ಗೊತ್ತು. ಅದಕ್ಕೇ ವೆಲ್ಡ್ ಮಾಡ್ಲಿಲ್ಲ. ಮೇಲೆ ನೋಡು."

ನೋಡಿದಳು. ಸೀಟಿನ ಕೆಳಗೆ ನಾಲ್ಕು ಬೋಲ್ಟು, ಹದಿಮೂರು ನಂಬರಿನವು. ಹಿಂದೆ ಇನ್ನೊಂದು ಸಾಲು ಖಾಲಿ ತೂತು, ಉದ್ದ ಕಾಲಿನವರಿಗೆ.

"ಹಾಗಾದ್ರೆ ಬೆಳಗ್ಗೇನೇ ಹಿಂದಕ್ಕೆ ಹಾಕ್ಬೋದಿತ್ತಲ್ಲ."

"ಹಾಕ್ಬೋದಿತ್ತು."

"ಮತ್ತೆ?"

"ನಿನ್ ಕಾರನ್ನ ಮೊದ್ಲು ನೀನು ಓಡಿಸ್ಬೇಕಿತ್ತು. ಕೇಳಿದ್ರೆ ಒಪ್ತಿದ್ಯಾ?"

ಮುಂದಿನ ಸುತ್ತಿಗೆ ಕಾರು ನಾಲ್ಕು ಚಕ್ರದ ಮೇಲೆ ನಿಂತಿತ್ತು, ಸೀಟು ಹಿಂದಕ್ಕೆ ಹೋಗಿತ್ತು. ಚಾಂಪಿಯನ್ ಕಾಲು ಚಾಚಿ ಕೂತು ಅವಳಿಗೆ ಕಣ್ಣು ಮಿಟುಕಿಸಿದಳು. "ಈಗಾದ್ರೂ ನನ್ ಕಾಲಿನ ಮೇಲೆ ಸಿಟ್ಟು ಹೋಯ್ತಾ?"

ಕ್ಲಬ್ಬಿನ ಹಿರಿಯರು ಸೀಟಿನ ಕೆಳಗೆ ಬಗ್ಗಿ ನೋಡಿ ಮಾವನ ಬೆನ್ನು ತಟ್ಟಿದರು. "ರೈಲಿಗಿಂತ ಇದೇ ಅಗ್ಗ, ಗಟ್ಟಿ ಬೇರೆ. ಯಾರ್ ತಲೆ ಇದು?"

ಹೊಟ್ಟೆಕಿಚ್ಚಿನ ತಲೆ ಎಂದು ಯಾರೂ ಹೇಳಲಿಲ್ಲ. ಕಾರನ್ನು ಕ್ಲಬ್ ರೇಸಿಗೆ ಒಪ್ಪಿಕೊಂಡಿತು.

ಸಂಜೆ ಕಿಡಿ ಟೇಪ್ ತೆಗೆದು ಅವಳ ಎಡಗೈ ಹಿಡಿದುಕೊಂಡ.

"ಏನಿದು?"

"ಉಂಗುರದ ಬೆರಳಿನ ಅಳತೆ."

ಅವಳು ಕೈ ಎಳೆದುಕೊಳ್ಳಲಿಲ್ಲ. "ಕಾರಲ್ಲಿ ಒಂದೇ ಸೀಟು ಕಣೋ."

"ಅದು ರೇಸಿಗೆ. ಮನೆಗೆ ಹೋಗೋಕೆ ಸ್ಕೂಟರ್ ಇದೆ, ಇಬ್ರು ಆರಾಮಾಗಿ ಕೂರ್ಬೋದು."

"ಯಾರ್ ಓಡಿಸೋದು?"

"ನೀನೇ. ಬ್ರೇಕ್ ಮಾತ್ರ ಮರೀಬೇಡ."