ಜೂಂಡಲಪ್ ಮನೆ ತೋರಿಸಿದವರು

ಅಲಿಷಾ ನಮ್ಮ ಮೋರ್ಲಿ ಕಚೇರಿಗೆ ಬಂದಾಗ ಮಗಳು ಜೋವಿಟಾಳ ಕೈಯನ್ನು ಬಿಡದೆ ಹಿಡಿದುಕೊಂಡಿದ್ದಳು. ಕುರ್ಚಿ ಎಳೆದುಕೊಟ್ಟರೂ ಕೂರಲಿಲ್ಲ. ಹೊಡೆಯುವ ಗಂಡ ಡೆರಿಕ್‌ನಿಂದ ತಪ್ಪಿಸಿ ಅವರಿಬ್ಬರನ್ನೂ ನಾವು ಜೂಂಡಲಪ್‌ನ ಒಂದು ಗುಟ್ಟಿನ ಮನೆಯಲ್ಲಿ ಇರಿಸಿದ್ದೆವು.

"ಬೆಳಿಗ್ಗೆ ಡೆರಿಕ್ ಗೇಟ್ ಹತ್ರ ನಿಂತಿದ್ದ. ಪೊಲೀಸರು ಬರೋಷ್ಟರಲ್ಲಿ ಹೊರಟ್ಹೋದ. ಆ ಮನೆ ಗೊತ್ತಿದ್ದಿದ್ದು ನಿಮ್ಮ ಬೋರ್ಡ್‌ನವರಿಗೆ ಮಾತ್ರ. ಯಾರು ಹೇಳಿದ್ದು ಅಂತ ಈ ಆರ್ವೋ ಒಳಗೆ, ಮಧ್ಯಾಹ್ನ ಕಳೆಯೋದ್ರೊಳಗೆ, ಗೊತ್ತಾಗದಿದ್ರೆ ನಾನೇ ಅವನ ಹತ್ರ ವಾಪಸ್ ಹೋಗ್ತೀನಿ. ಬಚ್ಚಿಟ್ಕೊಂಡು ಸಿಕ್ಕಿಬಿದ್ರೆ ಇನ್ನೂ ಜಾಸ್ತಿ ಹೊಡೀತಾನೆ."

ಮನೆಯಲ್ಲೇ ಏಟು ತಿನ್ನುವ ಹೆಂಗಸರು, ಮಕ್ಕಳ ಪರ ನಿಲ್ಲಲು ಕಟ್ಟಿದ ಸಂಸ್ಥೆ ನಮ್ಮ 'ಮಡಿಲು'. ಬೋರ್ಡಿನಲ್ಲಿ ನಾವು ನಾಲ್ವರು. ಕುವೈತಿನಿಂದ ಬಂದು ಸಂಸ್ಥೆ ಹುಟ್ಟುಹಾಕಿದ ಗ್ರೇಸ್ ಆಂಟಿ ಅಧ್ಯಕ್ಷೆ. ತುಮಕೂರಿನ ದೇವರಾಜ ವಕೀಲ. ನಾನು, ಫ್ಲೋಯ್ಡ್, ಕಾರ್ಯದರ್ಶಿ. ನಾಲ್ಕನೆಯವರು ಮೈತ್ರೇಯಿ; ಕೋರ್ಟಿನಲ್ಲಿ ದುಭಾಷಿಯಾಗಿ ಜನರ ಸುಳ್ಳುಗಳನ್ನೆಲ್ಲ ಅನುವಾದಿಸಿ ನಿವೃತ್ತರಾದವರು. ನಮ್ಮವರಲ್ಲಿ ಏನೇ ಗೋಜಲಾದರೂ ಬಿಡಿಸಲು ಅವರೇ ಬೇಕು, ಕಾರು ಓಡಿಸಲು ನಾನು ಬೇಕು.

ಗ್ರೇಸ್ ಆಂಟಿ ಕಣ್ಣೊರೆಸಿಕೊಂಡರು. "ಪಾಪ ಆ ಮಗು. ಹಬ್ಬದ ಹೊಸ ಕಾಳಾದ್ರೂ ಬಾಯಿಗೆ ಬಿತ್ತಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಅಷ್ಟರಲ್ಲಿ ಹೀಗಾಯ್ತು."

ನನ್ನ ಅನುಮಾನ ದೇವರಾಜನ ಮೇಲಿತ್ತು. ಅವನೂ ಡೆರಿಕ್ಕೂ ಒಂದೇ ಕ್ಲಬ್ಬಿನಲ್ಲಿ ಕ್ರಿಕೆಟ್ ಆಡುತ್ತಿದ್ದರು. ಮ್ಯಾಚ್ ಮುಗಿದ ಮೇಲೆ ಬಿಯರ್ ಹಿಡಿದುಕೊಂಡು ಏನು ಬಾಯಿಬಿಟ್ಟನೋ ಎಂದು ಜೂಂಡಲಪ್‌ಗೆ ಕಾರು ಓಡಿಸುವ ದಾರಿಯುದ್ದಕ್ಕೂ ಮೈತ್ರೇಯಿಯವರ ತಲೆ ತಿಂದೆ. ಹಿಂದಿನ ಸೀಟಿನಲ್ಲಿ ಅಲಿಷಾ ಕಣ್ಣುಮುಚ್ಚಿ ಕೂತಿದ್ದಳು.

ಜೂಂಡಲಪ್ ಮನೆಯ ಅಡುಗೆಮನೆಯಲ್ಲಿ ಮೇರಿಮಾತೆಯ ಚಿತ್ರದ ಕೆಳಗೆ ದಾರ ಸುತ್ತಿದ ಒಂದು ಹಸಿರು ತೆನೆ ನೇತಾಡುತ್ತಿತ್ತು. "ಇದೇನು?" ಎಂದರು ಮೈತ್ರೇಯಿ.

"ಮೋಂತಿ ಹಬ್ಬದ್ದು, ಮೇರಿಮಾತೆ ಹುಟ್ಟಿದ ದಿನದ್ದು," ಎಂದೆ ನಾನು. "ಊರಲ್ಲಾದ್ರೆ ಭತ್ತದ ತೆನೆ. ಇಲ್ಲಿ ಸೆಪ್ಟೆಂಬರಲ್ಲಿ ಭತ್ತ ಎಲ್ಲಿಂದ ತರೋದು, ಅದಕ್ಕೆ ಗೋಧಿ. ಚರ್ಚಲ್ಲಿ ಆಶೀರ್ವಾದ ಆದ್ಮೇಲೆ ಮನೆ ಹಿರಿಯರು ತಮ್ಮ ಕುಟುಂಬದವರಿಗೆಲ್ಲ ಪಾಲು ಹಂಚ್ತಾರೆ. ದೂರದಲ್ಲಿದ್ದವರಿಗೂ ಕಳಿಸಲೇಬೇಕು. ನಾನೂ ನನ್ನ ಪಾಲು ತಿನ್ನೋಕೆ ಅಡಿಲೇಡಿಗೆ, ಮಾಡ್ಬರಿಯ ಅಕ್ಕನ ಮನೆಗೆ ಹೋಗಿ ನಿನ್ನೆ ತಾನೇ ಬಂದೆ." ಹುಟ್ಟಿದಾಗಿನಿಂದ ನೋಡಿದ ತೆನೆ; ನನಗದರಲ್ಲಿ ವಿಶೇಷವೇನೂ ಕಾಣಲಿಲ್ಲ.

"ಅಲಿಷಾ, ನೀನು ಚರ್ಚಿಗೆ ಹೋಗಿದ್ಯಾ?"

"ಇಲ್ಲ ಆಂಟಿ, ಗೇಟೇ ದಾಟಿಲ್ಲ. ಹಬ್ಬದ ಮಾರನೇ ದಿನ ನೀವು ಬಾಗಿಲಿಗೆ ನೇತುಹಾಕಿ ಹೋಗೋ ದಿನಸಿ ಚೀಲದಲ್ಲಿ ಬಂತು. ಆಫೀಸಿಂದ ಕಳಿಸಿದ್ದೀರಿ ಅಂದ್ಕೊಂಡೆ. ಅದರ ಜೊತೆ ಈ ಗೊಂಬೆ."

ಜೋವಿಟಾ ವಾಂಬ್ಯಾಟ್ ಪ್ರಾಣಿಯ ಆ ಗೊಂಬೆಯನ್ನು ಎದೆಗೆ ಒತ್ತಿಕೊಂಡಳು. "ಇಟ್ಸ್ ಮೈನ್."

ಅದನ್ನು ಅವಳಿಂದ ಬಿಡಿಸಿಕೊಳ್ಳಲು ಮೈತ್ರೇಯಿಯವರಿಗೆ ಸಾಕುಸಾಕಾಯಿತು.

ಮಧ್ಯಾಹ್ನ ಎಲ್ಲರೂ ಕಚೇರಿಯ ಮೇಜಿನ ಸುತ್ತ ಸೇರಿದೆವು. ಮೈತ್ರೇಯಿ ಗೊಂಬೆಯ ಹೊಟ್ಟೆಯ ಹೊಲಿಗೆ ಬಿಚ್ಚಿದರು. ಹತ್ತಿಯ ನಡುವೆ ಗುಂಡಗಿನ ಬಿಳಿ ಬಿಲ್ಲೆಯೊಂದಿತ್ತು. ಕಳೆದುಹೋದ ಸೂಟ್‌ಕೇಸ್ ಎಲ್ಲಿದೆಯೆಂದು ಫೋನಿಗೆ ತೋರಿಸುತ್ತದಲ್ಲ, ಅಂಥ ಟ್ರ್ಯಾಕರ್.

"ಬಾಯಿಬಿಟ್ಟು ಯಾರೂ ವಿಳಾಸ ಹೇಳಿಲ್ಲ," ಎಂದರು. "ಡೆರಿಕ್ ಕಳಿಸಿದ ಗೊಂಬೆಯನ್ನ ನಮ್ಮಲ್ಲೇ ಒಬ್ಬರು ತಲುಪಿಸಿದ್ದಾರೆ. ತೆನೆ ಹಂಚೋದು ಅವರವರ ಕುಟುಂಬದ ಹಿರಿಯರು. ಈ ಮಗುಗೆ ಈ ಊರಲ್ಲಿರೋ ಹಿರಿಯರು ಅಂದ್ರೆ ಡೆರಿಕ್ ತಾಯಿ ಒಬ್ಬರೇ. ತಂದವರು ಯಾರು? ಫ್ಲೋಯ್ಡ್ ಅಡಿಲೇಡಲ್ಲಿದ್ದ. ನಾನು ತರಲಿಲ್ಲ. ದೇವರಾಜ, ನಿಮ್ಮ ಕೈಗೆ ಒಂದು ಗೋಧಿ ತೆನೆ ಕೊಟ್ಟಿದ್ರೆ?"

"ಹುಲ್ಲು ಅಂತ ಬಿಸಾಕ್ತಿದ್ದೆ," ಎಂದ ದೇವರಾಜ.

"ಅಲಿಷಾ ಆಚೆ ಹೋಗಿಲ್ಲ, ನಾವು ಮನೆಗೆ ಹೋಗಿ ಕೇಳೋವರೆಗೂ ಹಬ್ಬದ ವಿಷಯ ನಮಗ್ಯಾರಿಗೂ ಹೇಳಿರಲಿಲ್ಲ. ಆದ್ರೂ ಮಗು ಬಾಯಿಗೆ ಹೊಸ ಕಾಳು ಬಿತ್ತು ಅಂತ ಬೆಳಿಗ್ಗೆ ಒಬ್ಬರಿಗೆ ಗೊತ್ತಿತ್ತು." ಮೈತ್ರೇಯಿ ಗ್ರೇಸ್ ಆಂಟಿಯ ಕಡೆ ತಿರುಗಿದರು.

ಆಂಟಿಯ ಮುಖ ಬಿಳಿಚಿತು. "ಪೂಜೆ ಮುಗಿದ್ಮೇಲೆ ಅವನ ತಾಯಿ ನನ್ನ ಕೈ ಹಿಡ್ಕೊಂಡು ಅತ್ರು. ಮೊಮ್ಮಗಳ ಪಾಲು ತಲುಪದೆ ಹೇಗೆ ಊಟ ಮಾಡ್ಲಿ ಅಂದ್ರು. ವಿಳಾಸ ಹೇಳಲ್ಲ, ನಾನೇ ಮುಟ್ಟಿಸ್ತೀನಿ ಅಂದೆ. ಹಬ್ಬದ ಪಾಲನ್ನ ಹೇಗಮ್ಮಾ ಬೇಡ ಅನ್ನೋದು? ಗೊಂಬೆ ಒಳಗೆ ಇದೆಲ್ಲ ಇರುತ್ತೆ ಅಂತ ನನಗೇನು ಗೊತ್ತು."

ನನಗೆ ಕೆಟ್ಟ ಸಿಟ್ಟು ಬಂತು. ದೇವರ ತೆನೆಯ ಪಕ್ಕದಲ್ಲಿ ಅದನ್ನಿಟ್ಟು ಕಳಿಸಿದ್ದನಲ್ಲ ಆ ಪಾಪಿ. ಅವನ ತಾಯಿಗೂ ಗೊತ್ತಿತ್ತೋ ಇಲ್ಲವೋ, ಅದನ್ನು ಪೊಲೀಸರು ಕೇಳಿಕೊಳ್ಳಲಿ ಎಂದು ದೇವರಾಜ ಆಗಲೇ ಫೋನ್ ಎತ್ತಿಕೊಂಡಿದ್ದ. ಗ್ರೇಸ್ ಆಂಟಿ ಎದ್ದು ಅಲಿಷಾಳ ಎದುರು ಕೈಮುಗಿದರು.

"ದುಡ್ಡಿಗೆ ಹೇಳಿದ್ರು ಅಂತ ಗೊತ್ತಾಗಿದ್ರೆ ವಾಸಿಯಿತ್ತು ಆಂಟಿ," ಎಂದಳು ಅಲಿಷಾ. "ಕೆಟ್ಟವರಿಂದ ದೂರ ಇರೋದು ಕಲಿತಿದ್ದೀನಿ. ನಿಮ್ಮಂಥವರಿಂದ ಹೇಗೆ ದೂರ ಇರ್ಲಿ?"

ಮೈತ್ರೇಯಿ ಬೋರ್ಡಿನ ಮುಂದೆ ಒಂದು ಸೂಚನೆ ಮಂಡಿಸಿದರು: ಇನ್ನು ಮುಂದೆ ಯಾವ ಕುಟುಂಬ ಎಲ್ಲಿದೆಯೆಂಬುದು ಬೋರ್ಡಿನ ಯಾರಿಗೂ ಗೊತ್ತಿರಕೂಡದು, ತಮಗೂ. ಗ್ರೇಸ್ ಆಂಟಿ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ಅದೇ ಕೈಯಿಂದ ರಾಜೀನಾಮೆಯನ್ನೂ ಬರೆದುಕೊಟ್ಟರು.

ಸಂಜೆಯಾಗುವ ಮೊದಲೇ ಪೊಲೀಸರು ಕರೆಸಿದ ಕಾರು ಬಂತು. ಅಲಿಷಾ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದು, ಆಮೇಲೆ ಮಗಳನ್ನು ಹತ್ತಿಸಿ ತಾನೂ ಹತ್ತಿದಳು. ಗ್ರೇಸ್ ಆಂಟಿ ಕಿಟಕಿಯ ಹತ್ತಿರ ಹೋದರು. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದವರು ಸುಮ್ಮನಾದರು. ಕಾರು ತಿರುಗುವಾಗ ಅದು ಎಡಕ್ಕೆ ಹೋಯಿತೋ ಬಲಕ್ಕೋ ನೋಡಬಾರದೆಂದು ನಾವೆಲ್ಲ ಒಳಗೆ ಬಂದುಬಿಟ್ಟೆವು.