ಎಡಚನ ಬಲಗೈ

'ಎಡಚ' ಎಂಬ ಹೆಸರನ್ನು ಅವನಿಗೆ ಇಟ್ಟವಳು ಅವಳೇ. ಇಟ್ಟ ಮೇಲೆ ಅದು ಮನೆಮಂದಿಯ ಬಾಯಿಗೆಲ್ಲ ಅಂಟಿಕೊಂಡಿತು.

ಮೊದಲ ಭಾನುವಾರದ ಮಧ್ಯಾಹ್ನ. ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ ಇಸ್ತ್ರಿ ಮೇಜನ್ನು ಗೋಡೆಗೆ ಸರಿಸಿ, ಮೂವರು ಶಿಷ್ಯರನ್ನು ಎದುರಿಗೆ ಕೂರಿಸಿಕೊಂಡಿದ್ದಳು. ಒಬ್ಬಳು ಅತ್ತಿಗೆ. ಇನ್ನೊಬ್ಬಳು ಒಂದನೇ ಕ್ಲಾಸಿನಿಂದಲೂ ಜೊತೆಗಿದ್ದ ನರ್ಸ್ ಗೆಳತಿ. ಮೂರನೆಯವನು ಗಡಿಯಾರ ರಿಪೇರಿಯವನು. ದಿನಾ ಬೆಳಿಗ್ಗೆ ಅವಳ ಬಸ್ಸಿನಲ್ಲೇ ಬರುವವನು. ವರ್ಷದ ಸ್ನೇಹ. "ನೀವೂ ಬನ್ನಿ, ಗಿಟಾರ್ ಕಲಿಸ್ತೀನಿ" ಎಂದು ಅವಳೇ ಕರೆದಿದ್ದಳು. "ಆಯ್ತು" ಎಂದಿದ್ದ.

"ಹೀಗೆ ಹಿಡ್ಕೊಳ್ಳಿ" ಎಂದು ತೋರಿಸಿದಳು. ಉಳಿದಿಬ್ಬರೂ ಸರಿಯಾಗಿ ಹಿಡಿದರು. ಅವನು ಮಾತ್ರ ಗಿಟಾರಿನ ಕುತ್ತಿಗೆಯನ್ನು ತನ್ನ ಬಲಕ್ಕೆ ಚಾಚಿ ಕೂತ.

"ಓ, ನೀವು ಎಡಚರಾ! ಮೊದಲೇ ಹೇಳಬಾರದಾ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಅವಳು ಗಿಟಾರನ್ನು ಕಿತ್ತುಕೊಂಡಾಗಿತ್ತು. "ಮುಂದಿನ ವಾರಕ್ಕೆ ತಂತಿ ತಿರುಗಿಸಿ ಕಟ್ಟಿಕೊಡ್ತೀನಿ. ನನ್ನ ಕ್ಲಾಸಲ್ಲಿ ಯಾರೂ ಹಿಂದೆ ಬೀಳೋ ಹಾಗಿಲ್ಲ."

ಹಟ ಹಿಡಿದರೆ ಹಿಡಿದಳೇ. ಗ್ರಂಥಾಲಯದಲ್ಲಿ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುವ ಕೈ ಅದು. ಬಿಚ್ಚಿದ್ದನ್ನು ಕಟ್ಟದೆ ಬಿಡುವುದಲ್ಲ. ಎರಡು ಸಂಜೆ ಕೂತು ಆರು ತಂತಿಗಳನ್ನೂ ತಿರುವುಮುರುವಾಗಿ ಕಟ್ಟಿದಳು. ದಪ್ಪ ತಂತಿ ಕೂರುವಂತೆ ಗಿಟಾರಿನ ಕುತ್ತಿಗೆ ತುದಿಯ ಗೀರನ್ನು ಅರದಿಂದ ಅಗಲಿಸುವಾಗ ಹೆಬ್ಬೆರಳು ಕೊಯ್ದುಕೊಂಡಳು. ಮುಂದಿನ ಭಾನುವಾರ ಅವನು ಆ ಬೆರಳಿನ ಬ್ಯಾಂಡೇಜನ್ನು ನೋಡಿದ, ಗಿಟಾರನ್ನು ನೋಡಿದ, ಕೊನೆಗೆ ಅವಳ ಹಿಗ್ಗಿದ ಮುಖವನ್ನು ನೋಡಿದ.

"ಆಯ್ತು ಮೇಷ್ಟ್ರೇ" ಎಂದ.

ಆ 'ಮೇಷ್ಟ್ರೇ' ಅವಳ ಎದೆಯಲ್ಲಿ ಇಡೀ ವಾರ ಗುಂಯ್‌ಗುಟ್ಟಿತು.

ಮೂರು ತಿಂಗಳು ಕಳೆಯಿತು. "ಏನು ಕುಯ್ಯುತ್ತೆ ಕಣೇ ಈ ತಂತಿ! ನಿಮ್ಮಣ್ಣನ ಮಾತೇ ವಾಸಿ" ಎಂದು ಗೊಣಗುತ್ತಲೇ ಅತ್ತಿಗೆ, ಮೂರ್ನಾಲ್ಕು ತಂತಿ ಒಟ್ಟಿಗೆ ಒತ್ತಿ ನುಡಿಸುವ ಕಾರ್ಡ್‌ಗಳಲ್ಲಿ ನಾಲ್ಕನ್ನು ಕಲಿತಳು. "ಜನಕ್ಕೆ ಚುಚ್ಚಿದ್ದೆಲ್ಲ ಬಡ್ಡಿ ಸಮೇತ ವಾಪಸ್ ಬರ್ತಿದೆ" ಎನ್ನುತ್ತ ನರ್ಸ್ ಒಂದು ಹಾಡನ್ನೇ ನುಡಿಸಿದಳು. ಎಡಚ ಮಾತ್ರ ಅಲ್ಲೇ ಇದ್ದ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಅವನ ಬೆರಳುಗಳು ಹೊರಟರೆ, ಕತ್ತಲಲ್ಲಿ ಚಪ್ಪಲಿ ಹುಡುಕಿದಂತೆ.

"ನನ್ನ ಕೈ ನೋಡಿ" ಎನ್ನುತ್ತಿದ್ದಳು ಅವಳು.

ಅವನ ನೋಟ ಬೆರಳಿನಿಂದ ಹೊರಟು ಬಳೆಯ ಬಳಿ ತುಸು ತಂಗಿ, ಮೊಣಕೈ ದಾಟಿ, ಭುಜ ಹತ್ತಿ, ಮುಖಕ್ಕೆ ಬಂದು ದಾರಿ ತಪ್ಪುತ್ತಿತ್ತು.

"ಕೈ ಇಲ್ಲಿದೆ."

"ನೋಡ್ತಾ ಇದ್ದೀನಲ್ಲ ಮೇಷ್ಟ್ರೇ."

ಅತ್ತಿಗೆ ಬೇಕೆಂದೇ ಕೆಮ್ಮುತ್ತಿದ್ದಳು.

ಅವಳಿಗೆ ತಿಳಿಯಬೇಕಿದ್ದದ್ದು ಒಂದೇ. ಅವನು ಬರುವುದು ಕರೆದರೆಂಬ ದಾಕ್ಷಿಣ್ಯಕ್ಕೋ, ತನಗಾಗಿಯೋ? "ಬಾಯಿ ಬಿಟ್ಟು ಕೇಳೇ" ಎಂದಳು ಅತ್ತಿಗೆ, ಬಟ್ಟೆ ಮಡಿಸುತ್ತ. "ಅವರು ಒಂದು ಪೂರ್ತಿ ಹಾಡು ನುಡಿಸಿದ ದಿನ ಕೇಳ್ತೀನಿ." "ಹಾಗಾದ್ರೆ ಹಲ್ಲು ಬಿದ್ದ ಮೇಲೆ ಮದುವೆ ಊಟ ಹಾಕಿಸ್ತೀಯ, ಬಿಡು."

ಆ ಮಾತು ಚುರುಕು ಮುಟ್ಟಿಸಿತು. ಮರುದಿನವೇ ಊಟದ ಬಿಡುವಿನಲ್ಲಿ, ಗ್ರಂಥಾಲಯದ ನಿಂತ ಗೋಡೆ ಗಡಿಯಾರವನ್ನು ನೆಪ ಮಾಡಿಕೊಂಡು, ಅದನ್ನು ಬಗಲಲ್ಲಿಟ್ಟುಕೊಂಡು ಅವನ ಅಂಗಡಿಗೆ ಹೊರಟಳು.

ಅಂಗಡಿ ಅವನ ಸೋದರಮಾವನದು. ಕಿಟಕಿ ಪಕ್ಕದ ಮೇಜಿನಲ್ಲಿ ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಗಡಿಯಾರವೊಂದರ ಮೇಲೆ ಬಗ್ಗಿದ್ದ. ಕೈಯಲ್ಲಿ ಚಿಮಟ. ಎಳ್ಳಿನ ಕಾಳಿಗಿಂತ ಸಣ್ಣ ಸ್ಕ್ರೂ. ಅದು ಜಾರಿ ನೆಲಕ್ಕೆ ಬಿತ್ತು.

"ಮತ್ತೆ ಬೀಳಿಸಿದೆಯಾ!" ಮಾವ ಒಳಗಿಂದಲೇ ಗುಡುಗಿದರು. "ಈ ವಾರ ಎಷ್ಟನೇದೋ ಅದು? ನಿನ್ನ ಬೆರಳೇನು ಬಿದಿರಾಗಿದೆಯಾ?"

ಅವಳು ನೋಡಿದ್ದು ಸ್ಕ್ರೂವನ್ನಲ್ಲ. ಚಿಮಟ ಅವನ ಬಲಗೈಯಲ್ಲಿತ್ತು. ಸ್ಕ್ರೂ ಹುಡುಕಿ ಎತ್ತಿದ್ದೂ ಬಲಗೈ. ಅವಳನ್ನು ಕಂಡು ಗಾಬರಿಯಲ್ಲಿ ತಲೆ ಕೆರೆದುಕೊಂಡದ್ದೂ ಬಲಗೈ.

"ನೀವು ಎಡಚರಲ್ವಾ?"

ಮಾವ ನಕ್ಕರು. "ಇವನಾ? ಎಡಗೈಲಿ ಬಾಗಿಲ ಚಿಲಕ ತೆಗೆಯೋಕೂ ಬರಲ್ಲ ಇವನಿಗೆ. ಯಾರಮ್ಮ ಹೇಳಿದ್ದು?"

"ನೀವು ಎದುರಿಗೆ ಕೂತಿದ್ರಿ" ಎಂದ ಅವನು ಮೆಲ್ಲಗೆ. "ಕನ್ನಡಿ ನೋಡಿ ತಲೆ ಬಾಚ್ಕೊಂಡ ಹಾಗೆ, ನಿಮ್ಮ ಹಾಗೇ ಹಿಡ್ಕೊಂಡೆ. ಹೇಳೋಣ ಅಂದ್ರೆ ನೀವು ಬಿಡಲಿಲ್ಲ. ಆಮೇಲೆ... ಅಷ್ಟು ಕಷ್ಟಪಟ್ಟು ತಂತಿ ಕಟ್ಟಿ ತಂದ್ರಿ."

"ಮೂರು ತಿಂಗಳು!"

"ಹದಿಮೂರು ಭಾನುವಾರ."

ಅವಳು ಗೋಡೆ ಗಡಿಯಾರವನ್ನು ಮೇಜಿನ ಮೇಲಿಟ್ಟು, ಅವನ ಬಲಗೈ ಹಿಡಿದು ತಿರುಗಿಸಿ ನೋಡಿದಳು. ತಂತಿ ಒತ್ತಿ ಒತ್ತಿ ಮೂರು ಬೆರಳ ತುದಿಯೂ ಜಡ್ಡುಗಟ್ಟಿತ್ತು. ಧೂಳಿನ ಕಣವನ್ನೂ ಗುರುತಿಸಬೇಕಾದ ಬೆರಳುಗಳು.

"ಇವನ ಕಥೆ ಇಷ್ಟೇ ಕಣಮ್ಮ" ಎಂದರು ಮಾವ. "ಯಾರಿಗೂ ಇಲ್ಲ ಅನ್ನೋಕೆ ಬರಲ್ಲ. ಪಕ್ಕದ ಅಂಗಡಿಯವನು ಕೇಳಿದ ಅಂತ ವರ್ಷಪೂರ್ತಿ ಅವನ ನಾಯಿ ತಿರುಗಾಡಿಸಿದ. ನಾಯಿ ಕಂಡ್ರೆ ಇವನಿಗೆ ಭಯ!"

ಅವಳು ಹಿಡಿದಿದ್ದ ಕೈ ಬಿಟ್ಟಳು. ಹಾಗಾದರೆ ತಾನೂ ಆ ನಾಯಿಯ ಸಾಲಿನವಳೇ. ಪ್ರೀತಿಸುತ್ತೀರಾ ಎಂದು ಕೇಳಿದರೂ ಇವನು 'ಆಯ್ತು' ಎನ್ನುತ್ತಾನೆ. ಅಂಥ ಆಯ್ತನ್ನು ಕಟ್ಟಿಕೊಂಡು ಏನು ಮಾಡುವುದು?

ಅಳು ಬರುವಂತಿತ್ತು. ಅತ್ತರೆ ಅದಕ್ಕೂ ಇವನು ದಾಕ್ಷಿಣ್ಯ ಮಾಡಿಯಾನೆಂದು ನುಂಗಿಕೊಂಡು, ಅಂಗಡಿಯ ಹೊರಗಿನ ಮೆಟ್ಟಿಲಿಗೆ ಕರೆದಳು.

"ತಪ್ಪು ನಂದು" ಎಂದಳು. "ಕಲಿಸೋಕೆ ಬಂದೋಳು ಮೊದಲು ಕೇಳಬೇಕಿತ್ತು. ನಾನು ಬರೀ ಹೇಳಿದೆ. ಇವತ್ತಿಗೆ ಇದು ಮುಗೀಲಿ. ನಿಮ್ಮ ಅನ್ನ ಈ ಬೆರಳಲ್ಲಿದೆ. ಭಾನುವಾರ ನೀವು ಬರಬೇಡಿ."

ಅವನು ಮೆಟ್ಟಿಲ ಮೇಲೆ ಕೂತು ತಲೆ ತಗ್ಗಿಸಿದ. ಅವಳು ಕಾದಳು. ಆ ಎರಡಕ್ಷರ ಈಗ ಬರುತ್ತದೆ, ಬಂದೊಡನೆ ಹೊರಟುಬಿಡಬೇಕು, ತಿರುಗಿ ನೋಡಬಾರದು.

"ಆಗಲ್ಲ" ಎಂದ.

"ಏನಂದ್ರಿ?"

"ಆಗಲ್ಲ ಅಂದೆ." ಆ ಮಾತು ಅವನಿಗೇ ಹೊಸದು, ಕಿವಿ ಕೆಂಪಾಗಿತ್ತು. "ಗಿಟಾರ್ ವಾಪಸ್ ತಗೊಳ್ಳಿ, ಬೇಜಾರಿಲ್ಲ. ನನಗೆ ಅದು ಬರಲ್ಲ, ಮುಂದೆಯೂ ಬರಲ್ಲ. ಆದ್ರೆ ಭಾನುವಾರ ಬರಬೇಡ ಅಂದ್ರೆ ಆಗಲ್ಲ. ಬಾಗಿಲು ಹಾಕಿದ್ರೆ ಬಾಗಿಲ ಮುಂದೆ ಕೂರ್ತೀನಿ."

ಒಳಗೆ ಮಾವನ ಕೆಲಸದ ಸದ್ದು ನಿಂತುಹೋಗಿತ್ತು.

"ಯಾಕೆ?" ಎಂದಳು. ಈ ಬಾರಿ ಕೇಳಿದಳು. ಕೇಳಿ, ಉತ್ತರ ಬರುವವರೆಗೂ ಸುಮ್ಮನಿದ್ದಳು.

ಅವನು ತಲೆ ಎತ್ತಿದ. ನೋಟ ಎಲ್ಲೂ ತಂಗದೆ, ನೇರ ಅವಳ ಕಣ್ಣಿಗೆ ಬಂತು. "ಎಡಗೈ ಯಾವುದು, ಬಲಗೈ ಯಾವುದು ಅಂತ ಮರೆತು ಹದಿಮೂರು ವಾರ ಯಾರ ಎದುರಿಗೆ ಕೂತಿದ್ದೆ ಮೇಷ್ಟ್ರೇ? ಗಿಟಾರಿನ ಎದುರಿಗಾ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ತಡೆದಿಟ್ಟಿದ್ದ ಅಳುವೂ ಬಂತು. ಎರಡನ್ನೂ ಸೆರಗಿಗೆ ಒರೆಸಿಕೊಂಡು, ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು.

"ಭಾನುವಾರ ಬನ್ನಿ. ಬರಿಗೈಯಲ್ಲಿ ಬನ್ನಿ. ಅತ್ತಿಗೆಗೆ ಹೇಳೋದಿದೆ."

"ಏನಂತ?"

"ಹಲ್ಲು ಬೀಳೋವರೆಗೂ ಕಾಯಬೇಕಾಗಿಲ್ಲ ಅಂತ."